ಕಂದು ಹಾಕಿದ ಆಕಳು, ಬಿಡದ ಜ್ವರ: ಹೆದರಬೇಕಾದ್ದು ಎಲ್ಲಿ?

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಬರುತ್ತದೆ. ಹಾವೇರಿಯಲ್ಲೋ ಗದಗಿನಲ್ಲೋ ಕಂದು ರೋಗದ (ದಿನ ತುಂಬುವ ಮೊದಲೇ ದನದ ಗರ್ಭ ಬೀಳಿಸುವ ರೋಗ) ಲಸಿಕೆ ಅಭಿಯಾನ ಶುರುವಾಗಿದೆ, 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಲಸಿಕೆ, ರೈತರು ಸಹಕರಿಸಬೇಕು. ಕೊನೆಯಲ್ಲಿ ಒಂದು ಸಾಲು: ಈ ರೋಗ ದನಗಳಿಂದ ಮನುಷ್ಯರಿಗೂ ಬರುತ್ತದೆ. ಸುದ್ದಿ ಅಲ್ಲಿಗೆ ಮುಗಿಯುತ್ತದೆ, ಓದುವವರ ಪ್ರಶ್ನೆಗಳು ಅಲ್ಲಿಂದ ಶುರುವಾಗುತ್ತವೆ. ಹಾಗಾದರೆ ಹಾಲು ಕುಡಿಯಬಹುದಾ? ಕಂದು ಹಾಕಿದ ಆಕಳನ್ನು ಬಿಟ್ಟು ಎಳೆಗರುವಿಗೆ ಯಾಕೆ ಸೂಜಿ? ಲಂಪಿ ಬಂದಾಗ ಮನುಷ್ಯರಿಗೆ ಏನೂ ಆಗಲ್ಲ ಅಂದಿದ್ದರಲ್ಲ, ಇದು ಬೇರೆಯಾ?

ಹೌದು, ಇದು ಬೇರೆ. ಆದರೆ ನಮ್ಮ ಭಯ ಮಾತ್ರ ತಿರುಗಾಮುರುಗಾ ಆಗಿದೆ. ಮನುಷ್ಯರಿಗೆ ಬರದ ರೋಗಕ್ಕೆ ಊರೇ ಹೆದರಿತು. ಬರುವ ರೋಗದ ಹೆಸರೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಮೈಮೇಲೆ ಕಂಡದ್ದು ಅಂಟಲಿಲ್ಲ

2022ರ ಲಂಪಿ ಹಾವಳಿ ನೆನಪಿದೆ ಅಲ್ವಾ? ಚರ್ಮಗಂಟು ರೋಗ. ಭಾರತದಲ್ಲಿ ಅದು ಮೊದಲು ಕಂಡದ್ದು 2019ರಲ್ಲಿ, ಒಡಿಶಾದಲ್ಲಿ. ಮೂರು ವರ್ಷದಲ್ಲಿ ದೇಶದ ತುಂಬ ಹಬ್ಬಿತು. ಕರ್ನಾಟಕದಲ್ಲಿ ಜಾಸ್ತಿ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಮೈತುಂಬ ಅಡಿಕೆ ಗಾತ್ರದ ಗಂಟುಗಳು, ಬಾತ ಕಾಲು, ಒಡೆದ ಹುಣ್ಣಿಗೆ ಮುತ್ತುವ ನೊಣ. ನೋಡಿದರೆ ಹೊಟ್ಟೆ ಚುರ್ ಎನ್ನುತ್ತಿತ್ತು. ದನದ ಸಂತೆಗಳು ಬಂದ್ ಆದವು. ಹಾಲು ಕುಡಿಯೋದಾ ಬೇಡ್ವಾ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಾಡಿತು.

ಆ ವೈರಸ್ ಮನುಷ್ಯರಿಗೆ ರೋಗ ತರುವುದಿಲ್ಲ. ಸೊಳ್ಳೆ, ನೊಣ, ಉಣ್ಣೆಗಳ ಮೂಲಕ ಅದು ದನದಿಂದ ದನಕ್ಕೆ ಹೋಗುತ್ತದೆ, ಅಷ್ಟೇ. ರೈತನಿಗೆ ಆದ ನಷ್ಟ ದೊಡ್ಡದು, ನಿಜ. ಆದರೆ ಅದು ಊರಿನವರ ಆರೋಗ್ಯದ ಪ್ರಶ್ನೆ ಆಗಿರಲಿಲ್ಲ.

ಕಾಲುಬಾಯಿ ರೋಗದಲ್ಲಿ ಗೊಂದಲ ತಂದದ್ದು ಹೆಸರು. ದನಕ್ಕೆ ಬರುವುದು ಕಾಲುಬಾಯಿ ರೋಗ. ಅಂಗನವಾಡಿ ಮಕ್ಕಳ ಅಂಗೈಯಲ್ಲಿ, ಬಾಯಲ್ಲಿ ಗುಳ್ಳೆ ಏಳುವುದು ಕೈಕಾಲುಬಾಯಿ ರೋಗ. ಎರಡರ ವೈರಸ್ ಬೇರೆ ಬೇರೆ. ಮಗುವಿಗೆ ಅದು ಇನ್ನೊಂದು ಮಗುವಿನಿಂದ ಬರುತ್ತದೆ, ಕೊಟ್ಟಿಗೆಯಿಂದಲ್ಲ. ಮಗುವಿಗೆ ಗುಳ್ಳೆ ಬಂತೆಂದು ಮನೆಯ ಎಮ್ಮೆಯನ್ನು ಅನುಮಾನಿಸಬೇಕಿಲ್ಲ.

ಮೈಮೇಲೆ ಏನೂ ಕಾಣದ ರೋಗ

ಇನ್ನು ಕಂದು ರೋಗ. ವೈದ್ಯರು ಇದನ್ನು ಬ್ರೂಸೆಲ್ಲೋಸಿಸ್ ಎನ್ನುತ್ತಾರೆ. ಇದಕ್ಕೆ ಕಾರಣ ವೈರಸ್ ಅಲ್ಲ, ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾ. ದನದ ಮೈಮೇಲೆ ಗಂಟಿಲ್ಲ, ಹುಣ್ಣಿಲ್ಲ. ಮೇವು ತಿನ್ನುತ್ತದೆ, ಮೆಲುಕು ಹಾಕುತ್ತದೆ. ಗಬ್ಬ ಆರು ತಿಂಗಳು ದಾಟಿದ ಮೇಲೆ ಒಂದು ದಿನ ಕಂದು ಹಾಕುತ್ತದೆ. ಬಹಳ ಸಲ ಮಾಸು (ಗರ್ಭದ ಪೊರೆ) ಬೀಳುವುದಿಲ್ಲ. ಮನೆಯವರು ದೃಷ್ಟಿಯಾಯ್ತು ಎನ್ನುತ್ತಾರೆ, ಕಾಲು ಜಾರಿ ಬಿದ್ದಿರಬೇಕು ಎನ್ನುತ್ತಾರೆ. ಅಂಥ ಕಾರಣದಿಂದಲೂ ಕಂದು ಬೀಳಬಹುದು. ಹಾಗಾಗಿಯೇ ಯಾರೂ ಪರೀಕ್ಷೆ ಮಾಡಿಸಲು ಹೋಗುವುದಿಲ್ಲ.

ಈ ರೋಗದ ದೊಡ್ಡ ಮೋಸ ಮುಂದಿದೆ. ಸಾಮಾನ್ಯವಾಗಿ ಆಕಳು ಒಂದು ಸಲ ಕಂದು ಹಾಕುತ್ತದೆ. ಮುಂದಿನ ಸಲ ಗಬ್ಬ ನಿಲ್ಲಬಹುದು, ದಿನ ತುಂಬಿ ಕರುವನ್ನೂ ಹಾಕಬಹುದು. ಮನೆಯವರಿಗೆ ಆಕಳು ಗುಣವಾಯಿತು ಅನ್ನಿಸುತ್ತದೆ. ಬ್ಯಾಕ್ಟೀರಿಯಾ ಮಾತ್ರ ಕೆಚ್ಚಲಿನಲ್ಲಿ, ಗರ್ಭಕೋಶದ ಸುತ್ತಲ ಗ್ರಂಥಿಗಳಲ್ಲಿ ಉಳಿದಿರುತ್ತದೆ. ಹಾಲಿನಲ್ಲಿ ಬರುತ್ತದೆ, ಮುಂದಿನ ಹೆರಿಗೆಯ ನೀರಿನಲ್ಲಿ ಮತ್ತೆ ಬರುತ್ತದೆ.

ಆ ನೀರು, ಮಾಸು, ಸತ್ತ ಕಂದು, ಇವುಗಳಲ್ಲಿ ರೋಗಾಣುವಿನ ಪ್ರಮಾಣ ಲೆಕ್ಕಕ್ಕೆ ಸಿಗದಷ್ಟು. ಪಕ್ಕದ ಆಕಳು ಅದನ್ನು ಮೂಸುತ್ತದೆ, ನೆಕ್ಕುತ್ತದೆ. ಆ ನೀರು ತಾಗಿದ ಮೇವು ತಿನ್ನುತ್ತದೆ. ಚುರುಕು ಬಿಸಿಲಿನಲ್ಲಿ ಈ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ತಂಪು, ಒದ್ದೆ, ನೆರಳು ಸಿಕ್ಕರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ದಂದಕ್ಕಿ, ಅದರ ಮೇಲಿನ ಕಟ್ಟೆಯ ಮೇಲೆ ಮನೆಮಂದಿ. ಒಂದೇ ಸೂರು, ಬಿಸಿಲು ಒಳಗೆ ಬರುವುದು ಕಡಿಮೆ.

ಹಾಲಿಗಿಂತ ಮೊದಲು ಕೈ

ಮನುಷ್ಯರಿಗೆ ಇದು ಬರುವ ಮುಖ್ಯ ದಾರಿ ಎರಡು: ಹಸಿ ಹಾಲು ಮತ್ತು ಬರಿಗೈ. ಸುದ್ದಿಯಲ್ಲಿ ಯಾವಾಗಲೂ ಮೊದಲನೆಯದೇ ದೊಡ್ಡದಾಗಿ ಕಾಣುತ್ತದೆ. ನಮ್ಮ ಕಡೆಯ ಮಟ್ಟಿಗೆ ಎರಡನೆಯದು ಜಾಸ್ತಿ ಯೋಚಿಸಬೇಕಾದ ದಾರಿ ಎಂದು ನನಗನ್ನಿಸುತ್ತದೆ. ಕಾರಣ ಸರಳ. ಹುಬ್ಬಳ್ಳಿಯಿರಲಿ ಮುಂಡರಗಿಯಿರಲಿ, ಹಾಲು ತಂದ ಕೂಡಲೇ ಕಾಸುವುದು ನಮ್ಮ ರೂಢಿ. ಉಕ್ಕಿ ಬರುವಂತೆ ಕಾಸಿದ ಹಾಲಿನಲ್ಲಿ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಆದರೆ ದನ ಈಯುವಾಗ ಕೈಗವಸು ಹಾಕುವ ರೂಢಿ ನಮ್ಮಲ್ಲಿ ಇಲ್ಲವೇ ಇಲ್ಲ.

ಆ ರಾತ್ರಿ ಏನಾಗುತ್ತದೆ ನೋಡಿ. ಎಮ್ಮೆ ನೋವು ತಿನ್ನುತ್ತಿದೆ. ಮನೆಯವರು ತೋಳು ಮಡಚಿ, ಕೈಗೆ ಎಣ್ಣೆ ಹಚ್ಚಿ, ಕರುವಿನ ಕಾಲು ಹಿಡಿದು ಎಳೆಯುತ್ತಾರೆ. ನೀರು ಮುಖಕ್ಕೆ ಸಿಡಿಯುತ್ತದೆ. ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. ಬೆಳಿಗ್ಗೆ ಕಣಕಿ ಕಡಿಯುವಾಗ ಆದ ಗೀರು ಬೆರಳಲ್ಲಿ ಇನ್ನೂ ಹಸಿ ಇರುತ್ತದೆ. ರೋಗಾಣುವಿಗೆ ಆ ಗೀರು ಸಾಕು. ಕಣ್ಣು, ಮೂಗಿನ ಒಳಪೊರೆಯೂ ಸಾಕು. ಆಮೇಲೆ ಕೊಟ್ಟಿಗೆ ಬಳಿದು, ಸಗಣಿ ಎತ್ತಿ, ಹಾಲು ಹಿಂಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅವರಲ್ಲಿ ಬಸುರಿಯರೂ ಇರುತ್ತಾರೆ. ಬಸುರಿಗೆ ಈ ಸೋಂಕು ತಗುಲಿದರೆ ಗರ್ಭಪಾತದ ಅಪಾಯವಿದೆ. ಇದನ್ನು ಯಾವ ಅಭಿಯಾನದ ಪೋಸ್ಟರ್‌ನಲ್ಲೂ ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ಇದೆ. ಆಲದಲ್ಲಿ ಹಾಲು ಬರುವ ಹಾಗೆ ಆಕಳಿಗೂ ಹಾಲು ಬರಲಿ ಎಂಬ ನಂಬಿಕೆ. ನಾಯಿಗೆ ಸಿಗದಂತೆ ಮೇಲೆ ಕಟ್ಟುವುದರಲ್ಲಿ ಒಂದು ಜಾಣತನವೂ ಇತ್ತು. ಆದರೆ ಕಂದು ಹಾಕಿದ ಆಕಳ ಮಾಸು ಮರದಿಂದ ತೊಟ್ಟಿಕ್ಕಿದರೆ, ಕಾಗೆ ಎಳೆದು ಬೀಳಿಸಿದರೆ ರೋಗವನ್ನು ದಾರಿಗೆ ತಂದಿಟ್ಟ ಹಾಗೆ. ತಿಪ್ಪೆಗೆ ಎಸೆದರೆ ಇನ್ನೂ ಕೆಟ್ಟದ್ದು, ನಾಯಿ ಊರೆಲ್ಲ ಎಳೆದಾಡುತ್ತದೆ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಕೈಗವಸು ಸಿಗದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ಬರಿಗೈಗಿಂತ ಎಷ್ಟೋ ವಾಸಿ.

ಕೈಯ ಈ ಮಾತು ಬೇರೆ ರೋಗಗಳಿಗೂ ಸಲ್ಲುತ್ತದೆ. ಹುಚ್ಚುನಾಯಿ ಕಚ್ಚಿದ ಆಕಳು ಸತ್ತಾಗ ಅದರ ಹಾಲು ಕುಡಿದವರೆಲ್ಲ ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ಕಾಸಿದ ಹಾಲಿನಿಂದ ರೇಬಿಸ್ ಬರುವುದಿಲ್ಲ. ನಿಜವಾಗಿ ಓಡಬೇಕಾದವರು ಬೇರೆ. ಆಕಳು ಜೊಲ್ಲು ಸುರಿಸುತ್ತಾ ಮೇವು ಬಿಟ್ಟಾಗ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಿದವರು. ಅವರು ಆ ದಿನವೇ ಲಸಿಕೆ ಶುರು ಮಾಡಬೇಕು. ನೆರಡಿ ರೋಗದಲ್ಲೂ (ಆಂಥ್ರಾಕ್ಸ್) ಹಾಗೇ. ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ರಕ್ತ ಬಂದಿದ್ದರೆ ಅದನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಕೊಯ್ದರೆ ಅದರ ಬೀಜಾಣುಗಳು ಮಣ್ಣಿಗೆ ಸೇರಿ ದಶಕಗಟ್ಟಲೆ ಉಳಿಯುತ್ತವೆ.

ಹಾಗಾದರೆ ಹಾಲು?

ಡೈರಿಯ ಪ್ಯಾಕೆಟ್ ಹಾಲನ್ನು ಪಾಶ್ಚರೀಕರಣ ಮಾಡಿರುತ್ತಾರೆ. 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಸಿ ತಕ್ಷಣ ತಣ್ಣಗೆ ಮಾಡುವುದು. ಬ್ರೂಸೆಲ್ಲಾ ಅಷ್ಟಕ್ಕೇ ಸಾಯುತ್ತದೆ. ದಿನಾ ಮನೆಗೆ ಬರುವ ರತೀಬಿನ ಹಾಲನ್ನು ನೀವೇ ಉಕ್ಕಿಸುತ್ತೀರಿ. ಧಾರವಾಡ ಪೇಡೆಯ ಬಗ್ಗೆಯಂತೂ ಕೇಳಲೇಬೇಡಿ, ಅಷ್ಟು ಹೊತ್ತು ಬಾಣಲೆಯಲ್ಲಿ ಬಾಡಿದ ಹಾಲಿನಲ್ಲಿ ಯಾವ ಬ್ರೂಸೆಲ್ಲಾ ಉಳಿದೀತು!

ತೊಂದರೆ ಇರುವುದು ಹಸಿ ಹಾಲಿನಲ್ಲಿ. ಕೆಚ್ಚಲಿನ ನೊರೆಹಾಲು ಶಕ್ತಿ ಎಂದು ಹುಡುಗರಿಗೆ ಕುಡಿಸುತ್ತಾರೆ. ಡೆಂಗಿ ಕಾಲದಲ್ಲಿ ಆಡಿನ ಹಾಲಿಗೆ ಬೇಡಿಕೆ ಏರುತ್ತದೆ, ಪ್ಲೇಟ್‌ಲೆಟ್ ಹೆಚ್ಚುತ್ತದೆ, ಕಾಸಿದರೆ ಗುಣ ಹೋಗುತ್ತದೆ ಎಂಬ ನಂಬಿಕೆಯ ಮೇಲೆ. ಪ್ಲೇಟ್‌ಲೆಟ್ ಏರುವುದಕ್ಕೆ ಆಧಾರವಿಲ್ಲ. ಬ್ರೂಸೆಲ್ಲಾ ಬರುವುದಕ್ಕೆ ಆಧಾರ ನೂರು ವರ್ಷದ್ದಿದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ವಿಚಿತ್ರ ಜ್ವರದಿಂದ ಸಾಯುತ್ತಿದ್ದರು. ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ 1887ರಲ್ಲಿ ಸತ್ತವರ ಗುಲ್ಮದಿಂದ ಈ ರೋಗಾಣುವನ್ನು ಬೇರ್ಪಡಿಸಿದರು. ರೋಗದ ಹೆಸರು ಬಂದದ್ದು ಅವರಿಂದಲೇ. ಅದು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಇನ್ನೂ 18 ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವರೇ ಆದ ವೈದ್ಯ ಥೆಮಿಸ್ಟೊಕ್ಲಿಸ್ ಝಾಮಿಟ್ ಆಡುಗಳನ್ನು ಪರೀಕ್ಷಿಸಿದರು. ಆಡುಗಳು ನೋಡಲು ಗಟ್ಟಿಮುಟ್ಟಾಗಿದ್ದವು. ಸೋಂಕು ಅವುಗಳಲ್ಲೇ ಇತ್ತು. 1906ರಲ್ಲಿ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದರು, ದಂಡಿನಲ್ಲಿ ಜ್ವರ ಇಳಿದುಹೋಯಿತು.

2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್‌ ಕಡೆಯ ಡೈರಿ ಆಕಳುಗಳಲ್ಲಿ ಹಕ್ಕಿಜ್ವರದ ವೈರಸ್ ಸಿಕ್ಕಾಗಲೂ ಕಥೆ ಇದೇ. ವೈರಸ್ ಹಸಿ ಹಾಲಿನಲ್ಲಿ ತುಂಬಿತ್ತು, ಪಾಶ್ಚರೀಕರಣ ಅದನ್ನು ಕೊಲ್ಲುತ್ತಿತ್ತು. ಅಲ್ಲಿ ಆಕಳಿಂದ ಸೋಂಕು ತಗುಲಿಸಿಕೊಂಡವರು ಡೈರಿಯಲ್ಲಿ ದುಡಿಯುವ ಕೆಲಸಗಾರರು.

ಎಳೆಗರುವಿಗೇ ಯಾಕೆ ಸೂಜಿ?

2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಪ್ರಧಾನಿ ನರೇಂದ್ರ ಮೋದಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಗುರಿ ಎರಡು ರೋಗ: ಕಾಲುಬಾಯಿ ಮತ್ತು ಕಂದು ರೋಗ. ವರ್ಷಕ್ಕೆ 3.6 ಕೋಟಿ ಹೆಣ್ಣು ಕರುಗಳಿಗೆ ಲಸಿಕೆ ಹಾಕಬೇಕು, 2030ರ ಹೊತ್ತಿಗೆ ರೋಗ ನಿರ್ಮೂಲ ಆಗಬೇಕು ಎಂದು ಲೆಕ್ಕ.

ಬಳಸುವ ಲಸಿಕೆಯ ಹೆಸರು ಎಸ್-19. ಇದರಲ್ಲಿರುವುದು ದುರ್ಬಲ ಮಾಡಿದ, ಆದರೆ ಜೀವಂತ ಬ್ರೂಸೆಲ್ಲಾ. ಗಬ್ಬದ ಆಕಳಿಗೆ ಚುಚ್ಚಿದರೆ ಲಸಿಕೆಯಿಂದಲೇ ಕಂದು ಬೀಳಬಹುದು. ಗಂಡು ಕರುವಿಗೆ ಚುಚ್ಚಿದರೆ ಬೀಜದಲ್ಲಿ ಸೋಂಕು ಕೂರಬಹುದು. ದೊಡ್ಡ ಆಕಳಿಗೆ ಕೊಟ್ಟರೆ ಆಮೇಲೆ ರಕ್ತಪರೀಕ್ಷೆಯಲ್ಲಿ ಅದು ರೋಗದ್ದೋ ಲಸಿಕೆಯದ್ದೋ ಗೊತ್ತಾಗುವುದಿಲ್ಲ. ಈಗಾಗಲೇ ಕಂದು ಹಾಕಿದ ಆಕಳಿಗೆ ಕೊಟ್ಟರೆ ಪ್ರಯೋಜನವೇ ಇಲ್ಲ, ಲಸಿಕೆ ಔಷಧಿಯಲ್ಲ. ಉಳಿಯುವುದು 4ರಿಂದ 8 ತಿಂಗಳ ಹೆಣ್ಣು ಕರು. ಜೀವಮಾನಕ್ಕೆ ಒಂದೇ ಸಲ. ಸೂಜಿ ಹಾಕುವವರಿಗೂ ಇದರಲ್ಲಿ ಅಪಾಯವಿದೆ, ತಪ್ಪಿ ಬೆರಳಿಗೆ ಚುಚ್ಚಿಕೊಂಡರೆ ಅವರಿಗೇ ಸೋಂಕು ತಗುಲಬಹುದು. ಸೂಜಿ ಹಾಕುವಾಗ ಕರುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಎನ್ನುವುದು ಅದಕ್ಕೇ.

ಇದರಿಂದ ಎರಡು ಪರಿಣಾಮ. ಒಂದು, ಈ ಸುತ್ತಿನಲ್ಲಿ ತಪ್ಪಿಸಿಕೊಂಡ ಕರು ಮುಂದಿನ ಸುತ್ತಿಗೆ ವಯಸ್ಸು ದಾಟಿರಬಹುದು. ಕರು ಹುಟ್ಟಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಾದರೂ ಬರೆದಿಡುವುದು ಒಳ್ಳೆಯದು. ಎರಡು, ಫಲ ಬೇಗ ಕಾಣುವುದಿಲ್ಲ. ಇಂದು ಸೂಜಿ ಹಾಕಿಸಿಕೊಂಡ ಮಿಶ್ರತಳಿ ಕರು ಮೊದಲ ಸಲ ಈಯಲು ಎರಡು ವರ್ಷದ ಮೇಲೆ ಬೇಕು, ಎಮ್ಮೆಗೆ ಇನ್ನೂ ಜಾಸ್ತಿ. ಹಟ್ಟಿಯ ಹಳೆಯ ದನಗಳೆಲ್ಲ ಹೋಗಿ ಲಸಿಕೆಯ ಪೀಳಿಗೆ ತುಂಬುವ ತನಕ ಕಂದು ಬೀಳುತ್ತಲೇ ಇರುತ್ತವೆ. ಆಗ ರೈತರು ಲಸಿಕೆ ಸುಮ್ನೆ ಎನ್ನುತ್ತಾರೆ. ಅವರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಿಲ್ಲ.

ಹೇಳಿದವನಿಗೆ ನಷ್ಟ

ಬೇರೆ ಕೆಲವು ದೇಶಗಳು ಈ ರೋಗವನ್ನು ಓಡಿಸಿದ್ದು ಲಸಿಕೆಯೊಂದರಿಂದಲೇ ಅಲ್ಲ. ಹಟ್ಟಿಯ ದನಗಳನ್ನೆಲ್ಲ ಪರೀಕ್ಷಿಸಿ, ಸೋಂಕಿದ್ದನ್ನು ವಧೆ ಮಾಡಿ, ಮಾಲೀಕರಿಗೆ ಪರಿಹಾರ ಕೊಟ್ಟರು. ನಮ್ಮಲ್ಲಿ ಆ ದಾರಿ ಸುಲಭವಲ್ಲ. ಕರ್ನಾಟಕದ 2020ರ ಕಾಯ್ದೆಯ ಪ್ರಕಾರ ಆಕಳು, ಎತ್ತುಗಳ ವಧೆ ಸಾಮಾನ್ಯವಾಗಿ ನಿಷಿದ್ಧ. ಬಹಳ ಜನರ ಭಾವನೆಯೂ ಅದಕ್ಕೆ ಒಪ್ಪುವುದಿಲ್ಲ. ದನಕ್ಕೆ ಔಷಧಿ ಕೊಟ್ಟು ಗುಣಪಡಿಸುವ ದಾರಿಯೂ ಕಾರ್ಯಸಾಧ್ಯವಲ್ಲ. ಅಂದಮೇಲೆ ಸೋಂಕಿನ ಆಕಳು ಬದುಕಿರುವಷ್ಟು ದಿನ ಎಲ್ಲೋ ಇರಬೇಕು. ಎಲ್ಲಿ?

ಕಾನೂನು ಏನೋ ಇದೆ. 2009ರ ಕೇಂದ್ರದ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯ ಪಟ್ಟಿಯಲ್ಲಿ ಕಂದು ರೋಗವಿದೆ. ಅನುಮಾನ ಬಂದರೆ ಮಾಲೀಕ ತಿಳಿಸಬೇಕು, ಆ ದನವನ್ನು ಬೇರೆ ಕಟ್ಟಬೇಕು. ಈಗ ಎರಡು ಆಕಳಿನ ರೈತನ ಜಾಗದಲ್ಲಿ ನಿಂತು ನೋಡಿ. ಕರು ಹೋಯಿತು, ಆ ಸಲದ ಹಾಲು ಹೋಯಿತು. ಪರೀಕ್ಷೆ ಮಾಡಿಸಿ ಸೋಂಕು ಎಂದು ಬಂದರೆ ಆಕಳನ್ನು ಮಾರುವ ಹಾಗಿಲ್ಲ, ಸಾಕುವುದು ದಂಡ, ಊರಲ್ಲಿ ಹಾಲು ಕೊಳ್ಳುವವರೂ ಹಿಂಜರಿಯುತ್ತಾರೆ. ಪರೀಕ್ಷೆ ಮಾಡಿಸದಿದ್ದರೆ ಅದು ಚೆಂದದ ಆಕಳು, ಸಂತೆಯಲ್ಲಿ ಬೆಲೆ ಸಿಗುತ್ತದೆ. ಹೀಗೆ ರೋಗ ಹಗ್ಗದ ಸಮೇತ ಇನ್ನೊಬ್ಬರ ಕೊಟ್ಟಿಗೆ ಸೇರುತ್ತದೆ. ಇದನ್ನು ರೈತನ ದುರಾಸೆ ಎಂದರೆ ತಪ್ಪು. ನಿಜ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಉಳಿತಾಯ ಎಂಬ ವ್ಯವಸ್ಥೆ ನಾವೇ ಮಾಡಿಟ್ಟದ್ದು.

ಲಂಪಿಯಲ್ಲಿ ಸತ್ತ ದನಗಳಿಗೆ ರಾಜ್ಯ ಸರ್ಕಾರ ಪರಿಹಾರ ಪ್ರಕಟಿಸಿತ್ತು: ಆಕಳಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ. ಹಕ್ಕಿಜ್ವರದಲ್ಲಿ ಕೊಲ್ಲಿಸಿದ ಕೋಳಿಗೂ ಪರಿಹಾರವಿದೆ. ಮನುಷ್ಯರಿಗೆ ನೇರವಾಗಿ ಬರುವ ಕಂದು ರೋಗದಲ್ಲಿ ಸೋಂಕಿನ ಆಕಳನ್ನು ಮಾರದೆ ಬೇರೆ ಕಟ್ಟಿ ಸಾಕಿದವರಿಗೂ ಅಂಥದ್ದೊಂದು ಆಸರೆ ಬೇಕು. ಖರ್ಚು ಎಲ್ಲಿಂದ ಎಂಬ ಪ್ರಶ್ನೆ ನ್ಯಾಯದ್ದೇ. ಆದರೆ ಈಗ ಖರ್ಚಾಗುತ್ತಿಲ್ಲ ಎಂದಲ್ಲ, ಅದು ಆಸ್ಪತ್ರೆಯ ಬಿಲ್ಲಿನಲ್ಲಿ ಬೇರೆಯವರ ಹೆಸರಿನಲ್ಲಿ ಹೋಗುತ್ತಿದೆ.

ಪತ್ತೆ ಹಚ್ಚಲು ದುಬಾರಿ ಯಂತ್ರ ಬೇಕಿಲ್ಲ. ಆಕಳ ಹಾಲಿಗೆ ಬಣ್ಣ ಹಾಕಿದ ದ್ರಾವಣದ ಒಂದು ಹನಿ ಸೇರಿಸಿ, ಮೈ ಬಿಸಿಯಷ್ಟು ಶಾಖದಲ್ಲಿ ಒಂದು ತಾಸು ಇಟ್ಟರೆ, ಸೋಂಕಿದ್ದಲ್ಲಿ ಮೇಲಿನ ಕೆನೆಯಲ್ಲಿ ನೀಲಿ ಉಂಗುರ ಕಟ್ಟುತ್ತದೆ. ಊರೂರಿನ ಹಾಲಿನ ಸೊಸೈಟಿಯಲ್ಲಿ ಒಟ್ಟಾದ ಹಾಲಿಗೇ ಇದನ್ನು ಮಾಡಬಹುದು. ಗಿಣ್ಣದ ಹಾಲು, ಕೆಚ್ಚಲುಬಾವಿನ ಹಾಲು ಬೆರೆತರೆ ತಪ್ಪು ಉತ್ತರ ಬರಬಹುದು, ಹಾಗಾಗಿ ರಕ್ತಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ಇದಕ್ಕೆ ವಿರುದ್ಧವಾದ ವಾದವೂ ಇದೆ: ಸುದ್ದಿ ಹೊರಬಿದ್ದರೆ ಆ ಊರಿನ ಹಾಲಿಗೇ ಕೆಟ್ಟ ಹೆಸರು. ಹೆದರಿಕೆ ಸುಳ್ಳಲ್ಲ, ಲಂಪಿ ಕಾಲದಲ್ಲಿ ಕಂಡಿದ್ದೇವೆ. ಆದ್ದರಿಂದ ಹಾಲಿನ ದರಕ್ಕೂ ಈ ಪರೀಕ್ಷೆಗೂ ಗಂಟು ಹಾಕಬಾರದು. ಡೈರಿಯಲ್ಲಿ ಹೇಗೂ ಕಾಸುವ ಹಾಲು ಅದು.

ಕುರಿಹಟ್ಟಿ ಲೆಕ್ಕದಲ್ಲಿಲ್ಲ

ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಂದು ರೋಗದ ಲಸಿಕೆ ಆಕಳು, ಎಮ್ಮೆಗಳ ಕರುಗಳಿಗೆ. ಆಡು, ಕುರಿಗೆ ಇಲ್ಲ. ಆದರೆ ಆಡು, ಕುರಿಯಲ್ಲಿರುವ ಬ್ರೂಸೆಲ್ಲಾ ಜಾತಿಯೇ ಮನುಷ್ಯರನ್ನು ಹೆಚ್ಚು ಕಾಡುವಂಥದ್ದು. ಶಿರಹಟ್ಟಿ, ರೋಣ, ಮುಂಡರಗಿ ಕಡೆಯ ಕುರಿಗಾರರು ತಿಂಗಳುಗಟ್ಟಲೆ ಹಿಂಡಿನೊಂದಿಗೆ ಅಲೆಯುತ್ತಾರೆ. ಹೊಲದಲ್ಲಿ ಕುರಿ ತರುಬಿ ಅಲ್ಲೇ ಮಲಗುತ್ತಾರೆ, ಅಡವಿಯಲ್ಲೇ ಮರಿ ಹಾಕಿಸುತ್ತಾರೆ, ಎಳೆಮರಿಯನ್ನು ಕಂಬಳಿಯಲ್ಲಿ ಕಟ್ಟಿಕೊಂಡು ನಡೆಯುತ್ತಾರೆ. ಅವರ ಹತ್ತಿರ ಪಶು ಆಸ್ಪತ್ರೆಯೂ ಇರುವುದಿಲ್ಲ, ಮನುಷ್ಯರ ಆಸ್ಪತ್ರೆಯೂ ಇರುವುದಿಲ್ಲ. ಅಪಾಯ ಎಲ್ಲರಿಗಿಂತ ಜಾಸ್ತಿ ಇರುವ ಜನ ಕಾರ್ಯಕ್ರಮದ ಹೊರಗೇ ಉಳಿದಿದ್ದಾರೆ. ಈ ಕೊರತೆಯನ್ನು ಯಾವ ಲಸಿಕೆ ಅಂಕಿಯೂ ಮುಚ್ಚಲಾರದು.

ಹೋಗಿ ಬರುವ ಜ್ವರ

ಮನುಷ್ಯರಲ್ಲಿ ಇದು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಶುರುವಾಗುತ್ತದೆ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಸಂಜೆಗೆ ಜ್ವರ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ಸೊಂಟ ನೋವು, ಕೀಲು ನೋವು, ಸುಸ್ತು. ಗಂಡಸರಿಗೆ ಬೀಜ ಬಾವು ಬರಬಹುದು. ನಾಲ್ಕು ದಿನ ಬಿಟ್ಟ ಜ್ವರ ಮತ್ತೆ ಬರುತ್ತದೆ. ಇದರಿಂದ ಸಾಯುವವರು ಕಡಿಮೆ. ಆದರೆ ಬೆನ್ನುಮೂಳೆಗೆ, ಹೃದಯದ ಕವಾಟಕ್ಕೆ ಇಳಿದರೆ ದುಡಿಯುವ ಮನುಷ್ಯ ಮೂಲೆ ಹಿಡಿಯುತ್ತಾನೆ.

ಇಂಥ ಜ್ವರವನ್ನು ಟೈಫಾಯಿಡ್ ಎಂದುಕೊಳ್ಳುವುದು ಸುಲಭ. ಒಂದು ವಾರದ ಗುಳಿಗೆಗೆ ಜ್ವರ ತಗ್ಗಿದರೆ ಆ ತೀರ್ಮಾನವೇ ಗಟ್ಟಿಯಾಗುತ್ತದೆ. ಆದರೆ ಬ್ರೂಸೆಲ್ಲಾ ನಮ್ಮ ರಕ್ಷಣಾ ಕೋಶಗಳ ಒಳಗೇ ಅಡಗಿ ಕೂರುತ್ತದೆ, ಔಷಧಿ ನಿಂತ ಮೇಲೆ ಹೊರಬರುತ್ತದೆ. ಹಾಗಾಗಿಯೇ ಎರಡು ಔಷಧಿ ಸೇರಿಸಿ ಕನಿಷ್ಠ ಆರು ವಾರ ಕೊಡುತ್ತಾರೆ. ಅರ್ಧಕ್ಕೆ ಬಿಟ್ಟರೆ ಮತ್ತೆ ಮೊದಲಿನಿಂದ. ಬೆನ್ನುಮೂಳೆಗೆ ಇಳಿದದ್ದನ್ನು ಕ್ಷಯ ಎಂದುಕೊಳ್ಳುವುದೂ ಉಂಟು.

ಮೊದಲ ಹಂತದ ರಕ್ತಪರೀಕ್ಷೆ ಬಹಳ ಸರಳ, ರೋಸ್ ಬೆಂಗಾಲ್ ಎನ್ನುತ್ತಾರೆ. ರೋಗಿಯ ರಕ್ತದ ತಿಳಿಯ ಒಂದು ಹನಿಗೆ ಗುಲಾಬಿ ಬಣ್ಣದ ಒಂದು ಹನಿ ಸೇರಿಸಿ ನಾಲ್ಕು ನಿಮಿಷ ಅಲ್ಲಾಡಿಸಿದರೆ, ಸೋಂಕಿದ್ದಲ್ಲಿ ಸಣ್ಣ ಸಣ್ಣ ಕಾಳು ಕಟ್ಟುತ್ತದೆ. ಖಚಿತಪಡಿಸಿಕೊಳ್ಳಲು ಮುಂದೆ ಬೇರೆ ಪರೀಕ್ಷೆಗಳಿವೆ. ಆದರೆ ಇದನ್ನು ಬರೆದುಕೊಡಬೇಕು ಎಂದು ವೈದ್ಯರಿಗೆ ಹೊಳೆಯುವುದು ಕೊಟ್ಟಿಗೆಯ ಸುದ್ದಿ ಕಿವಿಗೆ ಬಿದ್ದರೆ ಮಾತ್ರ. ಪಶುವೈದ್ಯರ ವಹಿಯಲ್ಲಿ ಆಕಳು ಕಂದು ಹಾಕಿದ್ದು ದಾಖಲಾಗಿರುತ್ತದೆ, ಆಸ್ಪತ್ರೆಯ ಚೀಟಿಯಲ್ಲಿ ಅದೇ ಮನೆಯವರ ಜ್ವರ ದಾಖಲಾಗಿರುತ್ತದೆ. ಇಲಾಖೆ ಎರಡು, ಕಾಗದ ಎರಡು. ಒಂದನ್ನೊಂದು ನೋಡುವುದಿಲ್ಲ. ಜೋಡಿಸಬಲ್ಲವರು ಸದ್ಯಕ್ಕೆ ಮನೆಯವರೇ. ಎರಡು ವಾರ ದಾಟಿದ ಜ್ವರಕ್ಕೆ ವೈದ್ಯರ ಮುಂದೆ ಕೂತಾಗ, ಅವರು ಕೇಳದಿದ್ದರೂ ಹೇಳಿ: ಆಕಳೋ ಕುರಿಯೋ ಕಂದು ಹಾಕಿತ್ತಾ, ಯಾವ ತಿಂಗಳಲ್ಲಿ, ಮಾಸು ಎತ್ತಿದ್ದು ಯಾರು, ಹಸಿ ಹಾಲು ಕುಡಿದದ್ದು ಯಾರು.